ಓದುಗರ ಪ್ರಶ್ನೆ, ವೈದ್ಯರ ಉತ್ತರ: ತೂಕ ಇಳಿಸುವ ಆಪರೇಷನ್ ಮಾಡಿಸಬೇಕೇ, ಬೇಡವೇ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಓದುಗರ ಹೆಸರು ಕೈಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. ಶಸ್ತ್ರಚಿಕಿತ್ಸಕರು, ಫಿಸಿಶಿಯನ್ ಮತ್ತು ಆಹಾರ ತಜ್ಞರು ಸೇರಿ ಉತ್ತರಿಸಿದ್ದಾರೆ.

ನನಗೆ 38 ವರ್ಷ, ಎತ್ತರ 162 ಸೆಂ.ಮೀ., ತೂಕ 98 ಕೆ.ಜಿ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಎರಡು ಬಗೆಯ ಮಾತ್ರೆ ನಡೆದಿದೆ. ಬಿಪಿ ಇದೆ, ರಾತ್ರಿ ಗೊರಕೆ ವಿಪರೀತ. ಡಯಟ್ ಮಾಡಿ 9 ಕೆ.ಜಿ. ಇಳಿಸಿದ್ದೆ, ವರ್ಷದೊಳಗೆ ಎಲ್ಲಾ ವಾಪಸ್ ಬಂತು. ಡಾಕ್ಟರು ಆಪರೇಷನ್ ಮಾಡಿಸಿ ಅಂತಾರೆ. ನಮ್ಮತ್ತೆ "ಚೆನ್ನಾಗಿರೋ ಹೊಟ್ಟೆಗೆ ಯಾಕಮ್ಮ ಕತ್ತರಿ" ಅಂತಾರೆ. ಏನು ಮಾಡಲಿ? (ಹಾಸನ)

ಮೊದಲು ಲೆಕ್ಕ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಿಮ್ಮದು 37.3. ಅಂತರರಾಷ್ಟ್ರೀಯ ಶಸ್ತ್ರಚಿಕಿತ್ಸಕರ ಸಂಘಗಳ 2022ರ ಮಾರ್ಗಸೂಚಿಯಂತೆ, ಬಿಎಂಐ 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಈ ಚಿಕಿತ್ಸೆ ಸೂಚಿಸಬಹುದು. 30ರಿಂದ 35ರ ನಡುವೆ ಇರುವವರಿಗೆ ಸಕ್ಕರೆಯಂಥ ಕಾಯಿಲೆ ಜೊತೆಗಿದ್ದರೆ ಸೂಚಿಸಬಹುದು. ಏಷ್ಯಾದವರಿಗೆ ಈ ಗಡಿಗಳನ್ನು ಇನ್ನೂ ಕೆಳಗಿಡಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗೆ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಹತ್ತುತ್ತದೆ. ಹಾಗಾಗಿ ನಿಮ್ಮ ಡಾಕ್ಟರ ಸಲಹೆ ನಿಯಮದ ಒಳಗೇ ಇದೆ.

ಇನ್ನು ಲಾಭ. ಒಂದೂವರೆ–ಎರಡು ವರ್ಷದಲ್ಲಿ ಒಟ್ಟು ತೂಕದ ಸುಮಾರು ಕಾಲು ಭಾಗ ಇಳಿಯುತ್ತದೆ, ಬೈಪಾಸ್ (ಜಠರದ ಸಣ್ಣ ಚೀಲಕ್ಕೆ ಕರುಳನ್ನು ನೇರ ಜೋಡಿಸುವ ಬಗೆ) ಆದರೆ ಸ್ವಲ್ಪ ಹೆಚ್ಚು. ನಿಮ್ಮ ವಿಷಯದಲ್ಲಿ 98 ಕೆ.ಜಿ. 72ರ ಆಸುಪಾಸಿಗೆ ಬರಬಹುದು. 58ಕ್ಕೆ ಬರುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಕ್ಕರೆ ಕಾಯಿಲೆಯ ಮಟ್ಟಿಗೆ ಅಮೆರಿಕದಲ್ಲಿ ನಡೆದ ಸ್ಟಾಂಪೀಡ್ ಅಧ್ಯಯನದ ಅಂಕಿಅಂಶ ನೋಡಿ: ಐದು ವರ್ಷದ ಕೊನೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6 ಅಥವಾ ಅದಕ್ಕಿಂತ ಕೆಳಗೆ ಇದ್ದವರು ಬೈಪಾಸ್ ಆದವರಲ್ಲಿ ಶೇ 29, ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಬಗೆ) ಆದವರಲ್ಲಿ ಶೇ 23, ಬರೀ ಔಷಧಿಯಲ್ಲಿದ್ದವರಲ್ಲಿ ಶೇ 5. "ಶುಗರ್ ಪೂರ್ತಿ ವಾಸಿ" ಎಂಬ ಜಾಹೀರಾತಿಗೂ ಈ ಅಂಕಿಗಳಿಗೂ ದೂರವಿದೆ, ಆದರೆ ಔಷಧಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ದೊಡ್ಡದೇ. ಕಾಯಿಲೆ ಹೊಸದಾಗಿದ್ದಷ್ಟು, ಇನ್ಸುಲಿನ್ ಇನ್ನೂ ಶುರುವಾಗದಿದ್ದಷ್ಟು ಫಲ ಹೆಚ್ಚು. ನಾಲ್ಕು ವರ್ಷ, ಎರಡು ಮಾತ್ರೆ ಎಂದರೆ ನೀವು ಅನುಕೂಲದ ಕಡೆಯಲ್ಲೇ ಇದ್ದೀರಿ. 1987ರಲ್ಲಿ ಶುರುವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ, ಆಪರೇಷನ್ ಆದವರು ಅಷ್ಟೇ ದಪ್ಪವಿದ್ದು ಆಪರೇಷನ್ ಆಗದವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬದುಕಿದ್ದು ಕಂಡುಬಂದಿದೆ.

ನಿಮ್ಮತ್ತೆಯವರ ಭಯಕ್ಕೂ ಆಧಾರವಿದೆ. ಅನುಭವವಿರುವ ಕೇಂದ್ರಗಳಲ್ಲಿ ಮೊದಲ ತಿಂಗಳಲ್ಲಿ ಪ್ರಾಣಾಪಾಯ ಸುಮಾರು ಸಾವಿರಕ್ಕೆ ಒಂದು, ಅಂದರೆ ಪಿತ್ತಕೋಶ ತೆಗೆಯುವ ಆಪರೇಷನ್ನಿನ ಆಸುಪಾಸು. ಹೊಲಿಗೆಯ ಜಾಗದಲ್ಲಿ ಸೋರಿಕೆ ನೂರಕ್ಕೆ ಒಬ್ಬರಿಗೆ ಆಗಬಹುದು. ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಉಳಿದ ಎರಡು ದೊಡ್ಡ ಅಪಾಯ. ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನವರ ಕಷ್ಟ ಶುರುವಾಗುವುದು ಆಪರೇಷನ್ ಟೇಬಲ್ಲಿನ ಮೇಲಲ್ಲ. ಎರಡನೇ ವರ್ಷದಿಂದಾಚೆ ಮಾತ್ರೆ ಬಿಟ್ಟು, ರಕ್ತಪರೀಕ್ಷೆ ಬಿಟ್ಟು, ಡಾಕ್ಟರ ಹತ್ತಿರ ಹೋಗುವುದನ್ನು ಬಿಟ್ಟಾಗ. "ಜೀವ ಇರೋವರೆಗೂ ವಿಟಮಿನ್ ಮಾತ್ರೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ನನ್ನಿಂದ ಆಗುತ್ತಾ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಗುತ್ತದೆ ಎಂದಾದರೆ ಲಾಭದ ತಕ್ಕಡಿ ತೂಗುತ್ತದೆ.

ಗೊರಕೆಯ ವಿಚಾರ ಸಣ್ಣದಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ (ಸ್ಲೀಪ್ ಆಪ್ನಿಯಾ) ಇದೆಯೇ ಎಂದು ಆಪರೇಷನ್‌ಗೆ ಮೊದಲೇ ಸ್ಲೀಪ್ ಸ್ಟಡಿ ಮಾಡಿಸಿ. ಇದ್ದರೆ ಉಸಿರುದಾರಿ ಮುಚ್ಚದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವನ್ನು ಮನೆಯಲ್ಲಿ ಬಳಸಲು ಶುರುಮಾಡಿ, ಆಸ್ಪತ್ರೆಗೂ ಜೊತೆಯಲ್ಲಿ ಒಯ್ಯಿರಿ.

ನನಗೆ ಸ್ಲೀವ್ ಸಾಕು ಅಂತ ಒಂದು ಕಡೆ, ಬೈಪಾಸೇ ಆಗಬೇಕು ಅಂತ ಇನ್ನೊಂದು ಕಡೆ ಹೇಳಿದ್ದಾರೆ. ಹತ್ತು ವರ್ಷದಿಂದ ಎದೆಯುರಿ ಇದೆ, ದಿನಾ ಗ್ಯಾಸಿನ ಮಾತ್ರೆ ತಗೋತೀನಿ. ಎರಡರ ವ್ಯತ್ಯಾಸ ತಿಳಿಸಿ. (ಹುಬ್ಬಳ್ಳಿ)

ಸ್ಲೀವ್‌ನಲ್ಲಿ ಸುಮಾರು 12–13 ಮಿ.ಮೀ. ದಪ್ಪದ ಕೊಳವೆಯೊಂದನ್ನು ಬಾಯಿಂದ ಜಠರಕ್ಕೆ ಇಳಿಸಿ, ಅದರ ಗುಂಟ ಸ್ಟೇಪ್ಲರ್ ಹೊಡೆಯುತ್ತ ಜಠರದ ಹೊರಬಾಗಿದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಶೇ 75–80ರಷ್ಟು ಜಠರ ಹೋಗಿ 100–150 ಮಿ.ಲೀ. ಹಿಡಿಯುವ ಉದ್ದನೆಯ ಕೊಳವೆ ಉಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಬರುವುದು ತೆಗೆದುಹಾಕಿದ ಮೇಲ್ಭಾಗದಿಂದಲೇ, ಆದ್ದರಿಂದ ಹಸಿವೂ ಕುಗ್ಗುತ್ತದೆ. ಕತ್ತರಿಸಿದ ಜಠರವನ್ನು ಮತ್ತೆ ಕೂಡಿಸಲಾಗದು.

ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಪಿತ್ತರಸ ಸುಮಾರು ಒಂದು ಮೀಟರ್ ಕೆಳಗೆ ಬಂದು ಸೇರುತ್ತದೆ.

ನಿಮ್ಮ ವಿಷಯದಲ್ಲಿ ಎದೆಯುರಿಯೇ ನಿರ್ಣಾಯಕ. ಸ್ಲೀವ್ ಆದ ಮೇಲೆ ಜಠರ ಕಿರಿದಾದ ಕೊಳವೆಯಾಗಿ ಒಳಗಿನ ಒತ್ತಡ ಏರುತ್ತದೆ, ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಐದು ವರ್ಷದ ಅಧ್ಯಯನವೊಂದರಲ್ಲಿ ಮೊದಲೇ ಎದೆಯುರಿ ಇದ್ದವರ ಪೈಕಿ ಸ್ಲೀವ್ ಆದ ಶೇ 32ರಷ್ಟು ಜನರಿಗೆ ಅದು ಹೆಚ್ಚಾಯಿತು. ಬೈಪಾಸ್ ಆದವರಲ್ಲಿ ಹಾಗಾದದ್ದು ಶೇ 6 ಮಂದಿಗೆ ಮಾತ್ರ, ಶೇ 60 ಮಂದಿಗೆ ಎದೆಯುರಿ ಹೋಗಿಯೇಬಿಟ್ಟಿತು. ಎಂಡೋಸ್ಕೋಪಿ ಮಾಡಿಸದೆ ನಿಮಗೆ ಸ್ಲೀವ್ ಮಾಡಲು ಯಾರೇ ಮುಂದಾದರೂ ಒಪ್ಪಬೇಡಿ. ಅನ್ನನಾಳದ ತುದಿ ಹುಣ್ಣಾಗಿದೆಯೇ, ಹಯಾಟಸ್ ಹರ್ನಿಯಾ (ಜಠರದ ಮೇಲ್ತುದಿ ಎದೆಯೊಳಗೆ ಜಾರುವುದು) ಇದೆಯೇ, ಜಠರದಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಸೋಂಕು ಇದೆಯೇ, ಮೂರನ್ನೂ ನೋಡಿಸಿ. ಹುಣ್ಣಿದ್ದರೆ ಬೈಪಾಸ್ ಮೇಲು.

ಬೈಪಾಸ್‌ಗೂ ಅದರದೇ ತೊಂದರೆಗಳಿವೆ. ಸಿಹಿ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಆಗಬಹುದು, ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಬೀಡಿ, ಸಿಗರೇಟು ಸೇದುವವರಿಗೆ ಮತ್ತು ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಒಂದೇ ಇಟ್ಟುಕೊಳ್ಳಿ. ಇನ್ನೊಂದು ಅಪಾಯ ವರ್ಷಗಳಾದ ಮೇಲೂ ಬರಬಹುದು: ತೂಕ ಇಳಿದು ಕರುಳ ಸುತ್ತಲ ಕೊಬ್ಬು ಕರಗಿದಾಗ ಒಳಗೆ ಸಂದಿ ಬಿಟ್ಟು ಕರುಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಊಟದ ನಂತರ ಬಂದು ಹೋಗುವ ಹಿಡಿದಂಥ ಹೊಟ್ಟೆನೋವು ಇದರ ಗುರುತು. ಅಲ್ಟ್ರಾಸೌಂಡ್, ಎಂಡೋಸ್ಕೋಪಿ ಎರಡೂ ಸರಿಯಾಗಿಯೇ ಕಾಣಬಹುದು. ಸಿಟಿ ಸ್ಕ್ಯಾನ್ ಮಾಡಿಸಿ, ಅದನ್ನು ಬೈಪಾಸ್ ಗೊತ್ತಿರುವ ಸರ್ಜನ್‌ಗೇ ತೋರಿಸಿ.

"ಮಿನಿ ಬೈಪಾಸ್" ಹೆಸರಿಗಷ್ಟೇ ಮಿನಿ. ಅದರಲ್ಲಿ 150–200 ಸೆಂ.ಮೀ. ಕರುಳನ್ನು ದಾಟಿಸುತ್ತಾರೆ. ತೂಕ ಚೆನ್ನಾಗಿ ಇಳಿಯುತ್ತದೆ, ಆದರೆ ಪೌಷ್ಟಿಕಾಂಶದ ಕೊರತೆ ಹೆಚ್ಚು, ಪಿತ್ತರಸ ಮೇಲೇರುವ ಸಾಧ್ಯತೆಯೂ ಇದೆ. ಪ್ರೋಟೀನ್ ಕಡಿಮೆ ತಿನ್ನುವ ಸಸ್ಯಾಹಾರಿಗಳು ಇದಕ್ಕೆ ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕು.

ನಮ್ಮ ಯಜಮಾನರಿಗೆ ಮುಂದಿನ ತಿಂಗಳು ಆಪರೇಷನ್. ಎರಡು ಹೊತ್ತೂ ಮುದ್ದೆ ಇಲ್ಲದೆ ಆಗದವರು. ಆಪರೇಷನ್ ಆದ ಮೇಲೆ ಏನು ಕೊಡಬೇಕು? ಮುದ್ದೆ ಯಾವಾಗ ಕೊಡಬಹುದು? (ಮಂಡ್ಯ)

ಊಟದ ಬದಲಾವಣೆ ಆಪರೇಷನ್‌ಗೆ ಎರಡು ವಾರ ಮೊದಲೇ ಶುರುವಾಗುತ್ತದೆ. ದಿನಕ್ಕೆ 800–1000 ಕ್ಯಾಲೊರಿಯ ಊಟ ಕೊಟ್ಟರೆ ಕೊಬ್ಬಿನಿಂದ ಊದಿದ ಯಕೃತ್ತು ಕುಗ್ಗುತ್ತದೆ. ಜಠರ ಇರುವುದು ಯಕೃತ್ತಿನ ಎಡಹಾಳೆಯ ಅಡಿಯಲ್ಲಿ, ಅದು ದಪ್ಪಗಿದ್ದರೆ ಎತ್ತಿ ಹಿಡಿಯುವುದೇ ಕಷ್ಟ, ರಕ್ತಸ್ರಾವವೂ ಹೆಚ್ಚು. "ಹೇಗೂ ಮುಂದೆ ತಿನ್ನೋಕಾಗಲ್ಲ" ಎಂದು ಹಿಂದಿನ ವಾರ ಬಾಡೂಟ ಮಾಡಿಸಬೇಡಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಈ ಎರಡು ವಾರದ ಮಾತ್ರೆಯ ಅಳತೆಯನ್ನು ಡಾಕ್ಟರು ಇಳಿಸಬೇಕು. ಗ್ಲಿಮೆಪಿರೈಡ್ ಹಾಗೆಯೇ ಮುಂದುವರಿದರೆ ಶುಗರ್ ಕುಸಿಯುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯನ್ನು ಆಪರೇಷನ್‌ಗೆ 3–4 ದಿನ ಮೊದಲಾದರೂ ನಿಲ್ಲಿಸಬೇಕು, ಇಲ್ಲವಾದರೆ ಶುಗರ್ ನಾರ್ಮಲ್ ಇದ್ದೂ ರಕ್ತ ಆಮ್ಲವಾಗಬಹುದು. ಯಾವ ಮಾತ್ರೆ ಎಂದು ನೀವಾಗಿಯೇ ತೀರ್ಮಾನಿಸದೆ ಪಟ್ಟಿ ಒಯ್ದು ಡಾಕ್ಟರಿಗೆ ತೋರಿಸಿ.

ಆಪರೇಷನ್ ಆದ ಮೊದಲೆರಡು ದಿನ ನೀರು, ಸೋಸಿದ ಬೇಳೆಕಟ್ಟು. ಔಷಧಿಯ ಅಳತೆ ಲೋಟದಲ್ಲಿ 30 ಮಿ.ಲೀ. ಹಾಕಿ, ಅದನ್ನು ಹತ್ತು–ಹದಿನೈದು ನಿಮಿಷ ಗುಟುಕರಿಸಬೇಕು. ಹೀಗೇ ಎದ್ದಿರುವಷ್ಟು ಹೊತ್ತೂ ನಡೆದರೆ ಸಂಜೆಗೆ ಒಂದೂವರೆ ಲೀಟರ್ ಆಗುತ್ತದೆ. ಎರಡನೇ ವಾರದ ಕೊನೆಯವರೆಗೆ ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಸೂಪು, ಪ್ರೋಟೀನ್ ಪುಡಿ. ಮೂರು–ನಾಲ್ಕನೇ ವಾರ ಮಿಕ್ಸಿಯಲ್ಲಿ ನುಣ್ಣಗೆ ತಿರುವಿದ ಬೇಳೆ, ತರಕಾರಿ, ಗಟ್ಟಿ ಮೊಸರು. ಐದು–ಆರನೇ ವಾರ ಮೆತ್ತಗಿನ ಮೊಟ್ಟೆ, ಪನೀರ್, ಇಡ್ಲಿ, ಬೇಯಿಸಿದ ಮೀನು. ಆಮೇಲೆ ಮಾಮೂಲಿ ಊಟ, ಆದರೆ ಟೀ ಬಟ್ಟಲಿನ ಅಳತೆಯಲ್ಲಿ.

ಮುದ್ದೆಯ ತೊಂದರೆ ರಾಗಿಯಲ್ಲಿಲ್ಲ, ತಿನ್ನುವ ರೀತಿಯಲ್ಲಿದೆ. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ರೂಢಿ. ಆ ತುತ್ತನ್ನು ಪುಡಿಮಾಡುವ ಕೆಲಸ ಈವರೆಗೆ ಜಠರದ್ದಾಗಿತ್ತು. ಈಗ ಅಲ್ಲಿರುವುದು ಕಿರಿದಾದ ದಾರಿ. ಅಂಟಂಟಾದ ತುತ್ತು ಇಡಿಯಾಗಿ ಇಳಿದರೆ ಅಲ್ಲೇ ಕಚ್ಚಿಕೊಂಡು ಎದೆ ಬಿಗಿಯುತ್ತದೆ, ಬಾಯ್ತುಂಬ ಜೊಲ್ಲು ಸುರಿಯುತ್ತದೆ, ಕಡೆಗೆ ವಾಂತಿ. ಮೂರನೇ ವಾರದಿಂದ ತೆಳ್ಳನೆಯ ರಾಗಿ ಗಂಜಿ ಅಥವಾ ಮಜ್ಜಿಗೆ ಹಾಕಿದ ಅಂಬಲಿ ಕೊಡಿ. ಮುದ್ದೆಯನ್ನು ಕನಿಷ್ಠ ಮೂರು ತಿಂಗಳು ಮುಂದೂಡುವುದು ಒಳ್ಳೆಯದು. ಆಮೇಲೂ ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಮಾಡಿ, ಮೊದಲು ಕಾಳು ಅಥವಾ ಕೋಳಿ ತಿಂದು ಮುಗಿಸಿ, ಕೊನೆಗೆ ಅದನ್ನು ಅಗಿದು ತಿನ್ನಬೇಕು. ಹೊಸ ಅಕ್ಕಿಯ ಮುದ್ದೆ ಅನ್ನ, ಮೆತ್ತನೆಯ ಬ್ರೆಡ್ಡೂ ಹೀಗೆಯೇ ಅಂಟುತ್ತವೆ.

ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಲಿ. ಸೋಡಾ ಬೇಡ.

ನಮ್ಮಕ್ಕನಿಗೆ ಆಪರೇಷನ್ ಆಗಿ ಐದು ದಿನ. ಮನೆಗೆ ಬಂದಿದ್ದಾಳೆ. ಏನಾದರೆ ಗಾಬರಿ ಪಡಬೇಕು? (ಚಿತ್ರದುರ್ಗ)

ನಾಡಿ ಎಣಿಸಿ. ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 100ರ ಮೇಲೇ ನಿಂತಿದ್ದರೆ ಸರ್ಜನ್‌ಗೆ ಫೋನ್ ಮಾಡಿ. 120 ದಾಟಿದರೆ ಫೋನಿನಲ್ಲಿ ಕಾಲ ಕಳೆಯದೆ ಹೊರಡಿ. ಸೋರಿಕೆಯ ಮೊದಲ ಗುರುತು ಬಹಳ ಸಲ ಇದೊಂದೇ, ಜ್ವರ, ಹೊಟ್ಟೆನೋವು ಆಮೇಲೆ ಬರುತ್ತವೆ. ಎಡಭುಜದ ನೋವು ಹೆಚ್ಚುತ್ತ ಹೋಗುವುದು, ಉಸಿರಾಟಕ್ಕೆ ಕಷ್ಟ, ಕಪ್ಪು ಮಲ, ಒಂದೇ ಮೀನಖಂಡ ಊದಿ ನೋಯುವುದು, ಇವಕ್ಕೂ ಕಾಯಬಾರದು. ಸ್ಲೀವ್‌ನ ಸೋರಿಕೆ ಎರಡನೇ ವಾರದಲ್ಲೂ, ಅದರಾಚೆಗೂ ಆಗಬಹುದು, ಅದಕ್ಕೇ "ಐದು ದಿನ ಆಯ್ತಲ್ಲ" ಎಂದು ಮೈಮರೆಯಬೇಡಿ. ಹಾಸಿಗೆ ಹಿಡಿಯಲು ಬಿಡಬೇಡಿ, ಗಂಟೆಗೊಮ್ಮೆ ಮನೆಯೊಳಗೇ ನಡೆಸಿ. ಹೆಪ್ಪುಗಟ್ಟದಂತೆ ಕೊಟ್ಟಿರುವ ಇಂಜೆಕ್ಷನ್ ತಪ್ಪಿಸಬೇಡಿ.

ಇನ್ನೊಂದು ವಿಷಯ ಮನೆಯವರೆಲ್ಲರಿಗೂ ಗೊತ್ತಿರಲಿ. ಮುಂದಿನ ತಿಂಗಳುಗಳಲ್ಲಿ ಎರಡು–ಮೂರು ದಿನ ಬಿಡದೆ ವಾಂತಿಯಾದರೆ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗುತ್ತದೆ. ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ತಪ್ಪುವುದು ಅದರ ಲಕ್ಷಣ. ನಮ್ಮ ಕಡೆ ಸುಸ್ತಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ಅಭ್ಯಾಸ ಇದೆಯಲ್ಲ, ಇಲ್ಲಿ ಅದೇ ಕುತ್ತಾಗುತ್ತದೆ. ಥಯಾಮಿನ್ ಇಲ್ಲದ ಮೈಗೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. "ತೂಕದ ಆಪರೇಷನ್ ಆಗಿದೆ, ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ" ಎಂದು ಡ್ಯೂಟಿ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಒಂದು ಚೀಟಿಯಲ್ಲಿ ಬರೆದು ಅಕ್ಕನ ಪರ್ಸಿನಲ್ಲಿಡಿ.

ಬೈಪಾಸ್ ಆಗಿ ನಾಲ್ಕು ತಿಂಗಳು. 22 ಕೆ.ಜಿ. ಇಳಿದಿದ್ದೇನೆ, ಆದರೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿದೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಾತ್ರೆಗಳನ್ನೆಲ್ಲ ಬೆಳಿಗ್ಗೆ ಕಾಫಿ ಜೊತೆ ಒಟ್ಟಿಗೆ ತೆಗೆದುಕೊಳ್ಳುತ್ತೇನೆ. (ಉಡುಪಿ)

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ. ತೂಕ ಬೇಗ ಇಳಿದಾಗ ಕೂದಲ ಬೇರುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ, ಮತ್ತೆ ಹುಟ್ಟುತ್ತವೆ. ಒಂದು ವರ್ಷ ಕಳೆದರೂ ನಿಲ್ಲದಿದ್ದರೆ ಕಬ್ಬಿಣ, ಸತು, ಪ್ರೋಟೀನ್ ಕೊರತೆ ಇದೆಯೇ ನೋಡಬೇಕು.

ಮಾತ್ರೆ ನುಂಗುವ ಕ್ರಮವನ್ನು ಮಾತ್ರ ಇಂದೇ ಬದಲಿಸಿ. ಕಬ್ಬಿಣವೂ ಕ್ಯಾಲ್ಸಿಯಂ ಕೂಡ ಒಂದೇ ಬಾಗಿಲಲ್ಲಿ ನುಗ್ಗುವ ಜನರಂತೆ ಒಂದನ್ನೊಂದು ತಡೆಯುತ್ತವೆ, ಕಾಫಿ, ಟೀ ಕಬ್ಬಿಣವನ್ನು ಹಿಡಿದುಬಿಡುತ್ತವೆ. ಕ್ಯಾಲ್ಸಿಯಂ ದಿನಕ್ಕೆ 1200–1500 ಮಿ.ಗ್ರಾಂ. ಬೇಕು, ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಹೀರುವುದಿಲ್ಲವಾದ್ದರಿಂದ ಮೂರು ಹೊತ್ತಿಗೆ ಹಂಚಿ. ಚೀಟಿಯಲ್ಲಿ ಕಾರ್ಬೊನೇಟ್ ಇದ್ದರೆ ಸಿಟ್ರೇಟ್ ಕೇಳಿ, ಆಮ್ಲ ಕಡಿಮೆಯಿರುವ ನಿಮ್ಮ ಜಠರದ ಚೀಲಕ್ಕೆ ಅದೇ ಸರಿ. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45–60 ಮಿ.ಗ್ರಾಂ., ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರ. ರಾತ್ರಿ ಮಲಗುವಾಗ ನಿಂಬೆರಸದ ನೀರಿನಲ್ಲಿ ತೆಗೆದುಕೊಂಡರೆ ಸುಲಭ. ಬಿ12 ಮಾತ್ರೆ ದಿನಕ್ಕೆ 350–1000 ಮೈಕ್ರೋಗ್ರಾಂ ಅಥವಾ ತಿಂಗಳಿಗೊಂದು ಇಂಜೆಕ್ಷನ್. ಮೊಟ್ಟೆ, ಮಾಂಸ ತಿನ್ನದವರಲ್ಲಿ ಆಪರೇಷನ್‌ಗೆ ಮೊದಲೇ ಇದು ಕಡಿಮೆ ಇರುತ್ತದೆ. ಕಾಲು ಜೋಮು ಹಿಡಿಯುವ ತನಕ ಕಾಯಬೇಡಿ. ವಿಟಮಿನ್ ಡಿ ಸಾಮಾನ್ಯವಾಗಿ ದಿನಕ್ಕೆ 3000 ಯೂನಿಟ್.

ಪ್ರೋಟೀನ್ ದಿನಕ್ಕೆ 60 ಗ್ರಾಂ ಬೇಕೇಬೇಕು. ತಿಳಿಸಾರಿನಲ್ಲಿ ಅದು ಇಲ್ಲವೆಂದೇ ಲೆಕ್ಕ. ಕೆನೆ ತೆಗೆದ ಹಾಲು ಅರ್ಧ ಲೀಟರಿಗೆ 16, ಪನೀರ್ 100 ಗ್ರಾಂಗೆ 18, ಒಣ ಸೋಯಾ ಚಂಕ್ಸ್ 30 ಗ್ರಾಂಗೆ 15, ಮೊಸರು 200 ಗ್ರಾಂಗೆ 6, ಗಟ್ಟಿ ತೊವ್ವೆ ಒಂದು ಬಟ್ಟಲಿಗೆ 7, ಎಲ್ಲ ಸೇರಿ 62. ಇಷ್ಟು ಹಿಡಿಸದಿದ್ದರೆ ಪ್ರೋಟೀನ್ ಪುಡಿಯಿಂದ ಸರಿದೂಗಿಸಿ.

ರಕ್ತಪರೀಕ್ಷೆ ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ಪಿತ್ತಕೋಶ ಇನ್ನೂ ಇದ್ದರೆ ಕಲ್ಲಾಗದಂತೆ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಮೊದಲ ಆರು ತಿಂಗಳು ಕೊಡುತ್ತಾರೆ. ನಿಮಗೆ ಬರೆದಿದ್ದಾರೆಯೇ ನೋಡಿಕೊಳ್ಳಿ.

ಮಗಳಿಗೆ 26, ಎತ್ತರ 158 ಸೆಂ.ಮೀ., ತೂಕ 68. ಬೇರೆ ಕಾಯಿಲೆ ಇಲ್ಲ. ಗಂಡಿನ ಕಡೆಯವರು ದಪ್ಪ ಅಂತಾರೆ. ಮದುವೆಗೆ ಮುಂಚೆ ಆಪರೇಷನ್ ಮಾಡಿಸಬಹುದಾ? (ತುಮಕೂರು)

ಬೇಡ. ಬಿಎಂಐ 27.2, ಕಾಯಿಲೆ ಇಲ್ಲ. ಈ ಆಪರೇಷನ್ ಅವರಿಗಲ್ಲ. ಆರೋಗ್ಯವಾಗಿರುವ ಹುಡುಗಿ ಗಂಡಿನ ಕಡೆಯವರ ಒಂದು ಮಾತಿಗೆ ಜಠರ ಕಳೆದುಕೊಳ್ಳುವುದು ಅನ್ಯಾಯ. ಆಹಾರ, ನಡಿಗೆ, ಸ್ನಾಯು ಗಟ್ಟಿ ಮಾಡುವ ವ್ಯಾಯಾಮದಿಂದ ನಾಲ್ಕೈದು ಕೆ.ಜಿ. ಇಳಿಸಿದರೆ ಆರೋಗ್ಯಕ್ಕೆ ಸಾಕು. ಲೈಪೊಸಕ್ಷನ್ನೂ ಇದಕ್ಕೆ ಉತ್ತರವಲ್ಲ. ಅದು ಚರ್ಮದಡಿಯ ಕೊಬ್ಬನ್ನು ಹೀರಿ ಆಕಾರ ತಿದ್ದುತ್ತದೆಯೇ ಹೊರತು ತೂಕದ ಚಿಕಿತ್ಸೆಯಲ್ಲ, ಅದರಲ್ಲೂ ಅಪಾಯಗಳಿವೆ.

ಸ್ಲೀವ್ ಆಗಿ ಐದು ತಿಂಗಳು. ಮುಟ್ಟು ಸರಿಹೋಗಿದೆ. ಮಗು ಯಾವಾಗ? (ಬಳ್ಳಾರಿ)

ಆಪರೇಷನ್ ಆದ ದಿನದಿಂದ 12ರಿಂದ 18 ತಿಂಗಳು ಬಿಟ್ಟು. ಪಿಸಿಒಡಿ ಇದ್ದವರಿಗೆ ತೂಕ ಇಳಿದ ಕೂಡಲೇ ಗರ್ಭ ನಿಲ್ಲುವ ಸಾಧ್ಯತೆ ಏರುತ್ತದೆ, ಆದ್ದರಿಂದ ಅಲ್ಲಿಯವರೆಗೆ ಕಾಪರ್ ಟಿ ಅಥವಾ ಕಾಂಡೋಮ್ ಬಳಸಿ. ಗರ್ಭಿಣಿಯಾದಾಗ ಪ್ರಸೂತಿ ತಜ್ಞರಿಗೆ ಆಪರೇಷನ್ ವಿಷಯ ತಿಳಿಸಿ. ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ ನಿಮಗೆ ಹಿಡಿಸದೇ ಇರಬಹುದು, ಬದಲಿಗೆ 24–28ನೇ ವಾರದಲ್ಲಿ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಿಂದ ನೋಡಬಹುದು.

ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಆಪರೇಷನ್ ಯಾಕೆ ಬೇಕು? (ಮೈಸೂರು)

ಒಳ್ಳೆಯ ಪ್ರಶ್ನೆ. 2025ರಲ್ಲಿ ಮೌಂಜಾರೊ, ಆಮೇಲೆ ವೆಗೋವಿ ಭಾರತಕ್ಕೆ ಬಂದವು. ದೊಡ್ಡ ಅಧ್ಯಯನಗಳಲ್ಲಿ ವೆಗೋವಿಯ ಸೆಮಗ್ಲುಟೈಡ್ 68 ವಾರದಲ್ಲಿ ಸುಮಾರು ಶೇ 15, ಮೌಂಜಾರೊದ ಟಿರ್ಝೆಪಟೈಡ್ ಗರಿಷ್ಠ ಪ್ರಮಾಣದಲ್ಲಿ 72 ವಾರದಲ್ಲಿ ಸುಮಾರು ಶೇ 21 ತೂಕ ಇಳಿಸಿದವು. ಬಿಎಂಐ 30ರ ಆಸುಪಾಸಿನವರು, ಅರಿವಳಿಕೆ ತಡೆಯದಷ್ಟು ಹೃದಯ ದುರ್ಬಲ ಇರುವವರು ಮೊದಲು ಇದನ್ನೇ ಯೋಚಿಸಬಹುದು. ಆದರೆ ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ: ಸೆಮಗ್ಲುಟೈಡ್ ಬಿಟ್ಟವರಿಗೆ ಒಂದೇ ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಭಾಗ ಮರಳಿತು. ಅಂದರೆ ಖರ್ಚು ವರ್ಷಾನುಗಟ್ಟಲೆ. ಬಿಎಂಐ 40 ದಾಟಿದವರಿಗೆ ಇಂದಿಗೂ ಆಪರೇಷನ್ನೇ ಹೆಚ್ಚು ಫಲ ಕೊಡುತ್ತದೆ. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿ ಇದ್ದರೆ ಈ ಇಂಜೆಕ್ಷನ್ ಬೇಡ. ಇಂಜೆಕ್ಷನ್ ತೆಗೆದುಕೊಳ್ಳುವವರು ಯಾವುದೇ ಆಪರೇಷನ್‌ಗೆ ಹೋಗುವಾಗ ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ.

ವಾರಕ್ಕೊಮ್ಮೆ ಗೆಳೆಯರ ಜೊತೆ ಎರಡು ಪೆಗ್. ಆಪರೇಷನ್ ಆದ ಮೇಲೆ ಪರವಾಗಿಲ್ಲವೇ? (ಶಿವಮೊಗ್ಗ)

ಅದೇ ಎರಡು ಪೆಗ್ ಬೇಗ ರಕ್ತಕ್ಕೇರಿ, ಹೆಚ್ಚು ಹೊತ್ತು ಇರುತ್ತದೆ. ಗಾಡಿ ಓಡಿಸುವವರಿಗೆ ಇದು ನೇರ ಅಪಾಯ. ಬೈಪಾಸ್ ಆದವರಲ್ಲಿ ಎರಡನೇ ವರ್ಷದಿಂದ ಕುಡಿತಕ್ಕೆ ಅಂಟಿಕೊಳ್ಳುವವರ ಪ್ರಮಾಣ ಏರುವುದನ್ನು ಅಧ್ಯಯನಗಳು ತೋರಿಸಿವೆ. ಬಿಡಲಾಗುತ್ತಿಲ್ಲ ಎಂದರೆ ಆ ಚಿಕಿತ್ಸೆ ಮೊದಲು, ಆಪರೇಷನ್ ಆಮೇಲೆ.

ನಾನು ದುಬೈನಲ್ಲಿದ್ದೇನೆ. ಮೂರು ವಾರ ರಜೆಗೆ ಮಂಗಳೂರಿಗೆ ಬಂದು ಆಪರೇಷನ್ ಮುಗಿಸಿ ಹೋಗಬಹುದೇ? ಇಲ್ಲಿನ ಇನ್ಶೂರೆನ್ಸ್ ಸಿಗದಿದ್ದರೆ ಊರಿನ ಪಾಲಿಸಿ ಬಳಸಬಹುದೇ?

ಮೂರು ವಾರ ಸಾಲದು. ಮೊದಲ ವಾರ ಪರೀಕ್ಷೆ, ದ್ರವಾಹಾರಕ್ಕೇ ಹೋಗುತ್ತದೆ. ಸೋರಿಕೆ, ರಕ್ತ ಹೆಪ್ಪುಗಟ್ಟುವ ಅಪಾಯ ಎರಡೂ ಹೆಚ್ಚಿರುವುದು ಆಪರೇಷನ್ ಆದ ಮೊದಲ ತಿಂಗಳಲ್ಲಿ, ಆಗ ನೀವು ವಿಮಾನದಲ್ಲೋ ಕೆಲಸದ ಜಾಗದಲ್ಲೋ ಇರುತ್ತೀರಿ. ಎಂಟು ವಾರ ಹೊಂದಿಸಿಕೊಳ್ಳಿ. ದುಬೈನಲ್ಲಿ ಮುಂದೆ ನೋಡಿಕೊಳ್ಳುವ ಡಾಕ್ಟರನ್ನು ಮೊದಲೇ ಗೊತ್ತುಮಾಡಿ. ಆಪರೇಷನ್ ಟಿಪ್ಪಣಿ ಕೇಳಿ ಪಡೆಯಿರಿ: ಯಾವ ಆಪರೇಷನ್, ಎಷ್ಟು ಉದ್ದದ ಕರುಳು ದಾಟಿಸಿದ್ದಾರೆ, ಒಳಗಿನ ಸಂದಿ ಹೊಲಿದಿದ್ದಾರೆಯೇ, ಮೂರೂ ಅದರಲ್ಲಿರಬೇಕು.

ಭಾರತದ ಆರೋಗ್ಯ ವಿಮೆಯಲ್ಲಿ, ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಗದಿಪಡಿಸಿದ ಒಕ್ಕಣೆಯಂತೆ, ವಯಸ್ಸು 18 ದಾಟಿರಬೇಕು. ಬಿಎಂಐ 40 ಅಥವಾ ಹೆಚ್ಚು ಇರಬೇಕು, ಇಲ್ಲವೇ 35ರ ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆಯಂಥದ್ದು ಇದ್ದು, ಬೇರೆ ವಿಧಾನಗಳಿಂದ ತೂಕ ಇಳಿದಿರಬಾರದು. ವೈದ್ಯಕೀಯ ನಿಯಮ 30ಕ್ಕೆ ಒಪ್ಪಿದರೂ ವಿಮೆ ಒಪ್ಪದಿರುವುದು ಇದಕ್ಕೇ. ಆದ್ದರಿಂದ ಹಿಂದೆ ಮಾಡಿದ ಡಯಟ್, ಔಷಧಿಯ ದಾಖಲೆ, ತೂಕ ಬರೆದ ಹಳೆಯ ಚೀಟಿ, ಸ್ಲೀಪ್ ಸ್ಟಡಿ ವರದಿ, ಎಚ್‌ಬಿಎ1ಸಿ ಎಲ್ಲವನ್ನೂ ಜೋಡಿಸಿ, ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ ನೋಡಿ, ಆಪರೇಷನ್ ದಿನ ಗೊತ್ತುಮಾಡುವ ಮೊದಲೇ ಪೂರ್ವಾನುಮತಿಗೆ ಕಳಿಸಿ.